ನಸೀಬ ಒಂದು ವಿದ್ಯಾ ಹೆಂಗಾಗ್ತದ ಅಂದ ಸೇಡಂನ ಅಕ್ಕಾರಿಗಿ

ಅಕ್ಕಾರೇ, ಶರಣು ಶರಣಾರ್ಥಿ.

ಹೆಸರು ಹಾಕಬ್ಯಾಡ್ರಿ ಅಂದೀರಿ, ಹಾಕಿಲ್ಲ. ಉಳಿದ ಓದುಗರಿಗಿ ವಿಷಯ ಇಷ್ಟು: ಹ್ವಾದ ತಿಂಗಳ ನಮ್ಮ ಮಕ್ಕಳ ಪುಟದಾಗ ಡಾಮಿನೊ ಅನ್ನೋ ಕಾಮಿಕ್ಸ್ ಪಾತ್ರದ ಬಗ್ಗೆ ಒಂದು ಬರಹ ಬಂದಿತ್ತು, ಆಕಿಗಿ ಹಾರ್ಲಾಕ ಬರಲ್ಲ, ಗ್ವಾಡಿ ಒಡೀಲಾಕ ಬರಲ್ಲ, ಆಕಿ ಶಕ್ತಿ ಏನಂದ್ರ ನಸೀಬ, ಅಷ್ಟೇ. ಅದನ್ನ ಓದಿ ಅಕ್ಕಾರ ಮಗ, ಪಿಯುಸಿ ಸೆಕೆಂಡ್ ಇಯರ್ ಹುಡುಗ, "ಮಮ್ಮಿ ನಂದೂ ನಸೀಬ ಛಲೋ ಅದ, ಸಿಇಟಿ ಹಂಗೇ ಬರೀತೀನಿ" ಅಂತ ಪುಸ್ತಕ ಮುಚ್ಚಿ ಮೊಬೈಲ್ ಹಿಡ್ಕೊಂಡು ಕುಂತಾನಂತ. ಅಕ್ಕಾರ ಸಿಟ್ಟಿಲೆ ಕೇಳ್ಯಾರ, ಇದು ವಿದ್ಯಾನೋ ಬರಿಯೋರ ಮೈಗಳ್ಳತನಾನೋ, ಮತ್ತ ಆ ಕಾಮಿಕ್ಸ್ ಕಸ್ಕೋಲೇನು ಅಂತ. ಜೋಡಿಗಿ ಇನ್ನೊಂದು ಮಾತು: "ನಾವು ತೊಗರಿ ಬಿತ್ತೋರು, ಹೂವು ಕಾಯಿ ಆಗೋ ಹೊತ್ತಿಗಿ ನೆಟಿ ರೋಗ ಬಂದ್ರ ಬೆಳಿ ನಿಂತಲ್ಲೇ ಒಣಗ್ತದ, ನಸೀಬ ಅಂದ್ರ ಏನಂತ ನಮಗ ಕಲಸಬ್ಯಾಡ್ರಿ."

ಕಲಸೋದಿಲ್ರೀ. ಆದ್ರ ಕಥಿಯೊಳಗಿನ ನಸೀಬದ ಬಗ್ಗೆ ನಾಕು ಮಾತು ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದ, ಓದ್ರಿ.

ನಿಮ್ಮ ಸಿಟ್ಟು ನಿಮ್ಮೊಬ್ಬರದೇ ಅಲ್ಲ. 2018ರಾಗ ಬಂದ 'ಡೆಡ್‌ಪೂಲ್ 2' ಸಿನಿಮಾದಾಗ ಹೀರೋನೇ ಡಾಮಿನೊ ಮುಂದ ಇದೇ ವಾದ ಮಾಡ್ತಾನ, ನಸೀಬ ಒಂದು ಶಕ್ತಿನೇ ಅಲ್ಲ, ಪರದೆ ಮ್ಯಾಗ ಚಂದನೂ ಕಾಣಲ್ಲ ಅಂತ. ಅಮ್ಯಾಲ ಎಲ್ಲಾರೂ ವಿಮಾನದಿಂದ ಪ್ಯಾರಾಚೂಟ್ ಹಾಕ್ಕೊಂಡು ಜಿಗೀತಾರ, ಗಾಳಿ ಜೋರ್ ಅದ, ಹೀರೋನ ಬಿಟ್ರ ಜೋಡಿ ಇದ್ದೋರು ಒಬ್ಬೊಬ್ಬರೇ ಏನರೆ ಒಂದಾಗಿ ಸಾಯ್ತಾರ, ಡಾಮಿನೊ ಮಾತ್ರ ಆರಾಮ್ ಇಳೀತಾಳ. ಥೇಟರ್‌ನಾಗ ಮಂದಿ ನಕ್ಕಿದ್ದೇ ನಕ್ಕಿದ್ದು. ಕಾಮಿಕ್ಸ್‌ನಾಗ ಆಕಿಗಿ ಒಂದು ಕಟ್ಟಳಿನೂ ಅದ, ನಿಮ್ಮ ಮಗನಿಗಿ ಇದನ್ನ ಜೋರಾಗಿ ಓದಿ ಹೇಳ್ರಿ: ಸುಮ್ನ ಕುಂತ್ರ ಆ ನಸೀಬ ಕೆಲಸ ಮಾಡಲ್ಲ, ಆಕಿ ತಾನೇ ಮೈ ಬಗ್ಗಿಸಿ ಅಪಾಯದಾಗ ಇಳೀಬೇಕು.

ಸುಮ್ನ ಕುಂತೇ ನಸೀಬ ತಿನ್ನೋ ಪಾತ್ರನೂ ಅದ, ಡೊನಾಲ್ಡ್ ಡಕ್‌ನ ಸೋದರಸಂಬಂಧಿ ಗ್ಲ್ಯಾಡ್‌ಸ್ಟೋನ್ ಗ್ಯಾಂಡರ್, ಕಾರ್ಲ್ ಬಾರ್ಕ್ಸ್ ಅನ್ನೋ ಚಿತ್ರಕಾರ 1948ರಾಗ ಹುಟ್ಟಿಸಿದ್ದು. ದಾರಿಗಿ ಹೊಂಟ್ರ ರೊಕ್ಕ ಸಿಗ್ತದ, ಸ್ಪರ್ಧಾ ಇದ್ರ ಬಹುಮಾನ ಇವಂದೇ. ಇವ ಎಂಥಾ ಮನಿಷ್ಯಾ ಅಂದ್ರ, ಯಾವಾಗೋ ಒಮ್ಮಿ ಮೈಮುರದು ದುಡ್ದು ಒಂದು ಚಿಲ್ಲರ ನಾಣ್ಯ ಗಳಿಸ್ಯಾನ, ಅದು ಯಾರಿಗರೆ ಗೊತ್ತಾದ್ರ ಮಾನ ಹೋಗ್ತದಂತ ತಿಜೋರಿಯೊಳಗ ಕೀಲಿ ಹಾಕಿ ಬಚ್ಚಿಟ್ಟಾನ! ಮಂದಿ ನಗ್ಲಿ ಅಂತ ಮಾಡಿದ ಪಾತ್ರ. ಇಂಥವನ ಹೀರೋ ಮಾಡಿ ಇಡೀ ಕಥಿ ಬರೀಲಾಕ ಹ್ವಾದ್ರ ನೀವಂದ ಮೈಗಳ್ಳತನ ಅಲ್ಲೇ ಶುರು ಆಗ್ತದ, ಯಾಕಂದ್ರ ಗೆಲ್ಲೋದು ಮೊದಲೇ ಗೊತ್ತಿದ್ರ ಓದೋನು ಪುಟ ಯಾಕ ತಿರುವಬೇಕು?

ಲ್ಯಾರಿ ನಿವೆನ್ ಅನ್ನೋ ಲೇಖಕ 1970ರಾಗ 'ರಿಂಗ್‌ವರ್ಲ್ಡ್' ಅನ್ನೋ ವಿಜ್ಞಾನ ಕಾದಂಬರಿ ಬರ್ದಾಗ ಇದನ್ನೇ ಹಿಡ್ದಾನ ಅಂತ ಕಾಣ್ತದ. ಅದರಾಗ ಟೀಲಾ ಬ್ರೌನ್ ಅಂತ ಹುಡುಗಿ, ಮಕ್ಕಳ ಹಡೀಲಾಕ ಲಾಟರಿ ಗೆಲ್ಲಬೇಕಾದ ಕಾಲದಾಗ ತಲಿಮಾರಿಂದ ತಲಿಮಾರಿಗಿ ಲಾಟರಿ ಗೆದ್ದೋರ ವಂಶದಾಕಿ. ನಸೀಬ ರಕ್ತದಾಗೇ ಬಂದದ. ಆದ್ರ ಆಕಿಗಿ ಎಂದೂ ಪೆಟ್ಟಾಗಿಲ್ಲ, ಹಿಂಗಾಗಿ ನೋವು ಅಂದ್ರ ಏನಂತ ಗೊತ್ತಿಲ್ಲ, ಮತ್ತ ಆ ನಸೀಬ ಆಕಿಗಷ್ಟೇ, ಆಕಾಶ ಹಡಗದಾಗ ಜೋಡಿ ಇದ್ದೋರು ಏನರೆ ಆಗ್ಲಿ ಅದಕ್ಕ ಸಂಬಂಧ ಇಲ್ಲ. ಓದೋನಿಗಿ ಆಕಿನ್ನ ನೋಡಿ ಹೊಟ್ಟಿಕಿಚ್ಚೂ ಆಗ್ತದ, ಹೆದರಿಕಿನೂ ಆಗ್ತದ. ಈ ಸಾಲಿನಾಗ ನನಗ ಭಾಳ ಸೇರಿದ ಪಾತ್ರ ಇದು, ಪರದೇಶದ್ರಾಗ.

ನಮ್ಮಲ್ಲಿ? ನಮ್ಮಲ್ಲಿ ಚಂದ್ರಹಾಸ ಅದಾನಲ್ರೀ ಅಕ್ಕಾರೇ, ಅವನ ಕಥಿ ನಿಮಗೂ ಗೊತ್ತು. ಲಕ್ಷ್ಮೀಶನ ಜೈಮಿನಿ ಭಾರತದಾಗ ಅವ ಹುಟ್ಟಿದ್ದೇ ಕೆಟ್ಟ ನಸೀಬದಾಗ: ಮೂಲಾ ನಕ್ಷತ್ರ, ಎಡಗಾಲಿಗಿ ಆರು ಬೆರಳು, ಅಪ್ಪ ಯುದ್ಧದಾಗ ಹ್ವಾದ, ಅವ್ವ ಹಿಂದೇ ಹ್ವಾದ್ಲು, ಎತ್ಕೊಂಡು ಓಡಿ ಬಂದ ದಾದಿನೂ ಹ್ವಾದ್ಲು. (ಡಾಮಿನೊನ ಕಾಮಿಕ್ಸ್ ತರೋ ಮಾರ್ವೆಲ್ ಕಂಪನಿಯವರು 1985ರಾಗ ಲಾಂಗ್‌ಶಾಟ್ ಅಂತ ಇನ್ನೊಬ್ಬ ನಸೀಬದ ಹೀರೋನ ತಂದ್ರು, ಅವನ ಕೈಗಿ ನಾಕೇ ಬೆರಳು! ನಸೀಬಕ್ಕೂ ಬೆರಳಿಗೂ ಏನೋ ಲೆಕ್ಕ ಅದ.) ದುಷ್ಟಬುದ್ಧಿ ಅನ್ನೋ ಮಂತ್ರಿ ಹುಡುಗನ್ನ ಕೊಲ್ಲಲಾಕ ಆಳು ಕಳಸ್ತಾನ, ಅವರಿಗಿ ಕೂಸಿನ ಮಾರಿ ನೋಡಿ ಕರುಳು ಚುರ್ ಅಂತದ, ಕೊಂದ ಗುರ್ತಿಗಿ ಆ ಆರನೇ ಬೆರಳಷ್ಟೇ ಕಡ್ಕೊಂಡು ಹೋಗ್ತಾರ. ಅಂದ್ರ ಅಪಶಕುನ ಅಂದದ್ದನ್ನ ಕೊಲ್ಲಲಾಕ ಬಂದೋರೇ ತಗದು ಹ್ವಾದ್ರು. ದೊಡ್ಡವ ಆದ ಮ್ಯಾಗ ಅದೇ ದುಷ್ಟಬುದ್ಧಿ ಇವನ ಕೈಯಾಗೇ ಪತ್ರ ಕೊಡ್ತಾನ, ತಂದವನಿಗಿ ವಿಷ ಕೊಡು ಅಂತ ಮಗ ಮದನನಿಗಿ. ಇವ ತ್ವಾಟದಾಗ ಮಲಗ್ಯಾನ, ದುಷ್ಟಬುದ್ಧಿ ಮಗಳು ವಿಷಯೆ ಪತ್ರ ಓದಿ ಒಂದಕ್ಷರ ತಿದ್ದತಾಳ, ವಿಷ ಅನ್ನೋದು ವಿಷಯೆ ಆಗ್ತದ, ಮದಿವಿನೇ ಆಗಿ ಹೋಗ್ತದ. ಮುಂದ ಚಂಡಿಕಾ ಗುಡಿಯಾಗ ಇವನ್ನ ಕಡೀಲಾಕ ಆಳು ನಿಂತಾರ, ಇವನ ಬದಲಿ ಮದನ ಹ್ವಾದ, ಕಡಿಸ್ಕೊಂಡ. ಕಡೀಕ ಚಂದ್ರಹಾಸ ತನ್ನ ತಲಿ ಕೊಡ್ಲಾಕ ನಿಂತಾಗ ದೇವಿ ಎಲ್ಲಾರಿಗೂ ಜೀವ ಕೊಡ್ತಾಳ, ಅದು ಬ್ಯಾರೆ.

ಇಲ್ಲಿ ಒಂದು ನೋಡ್ರಿ. ಡಾಮಿನೊ ನಸೀಬ ಗಾಳಿಯಿಂದ, ಕಾರಿನಿಂದ, ಕಬ್ಬಿಣದಿಂದ ಬರ್ತದ. ಚಂದ್ರಹಾಸನ ನಸೀಬ ಪ್ರತಿ ಸಲ ಒಬ್ಬ ಮನಿಷ್ಯಾರ ಕೈಯಿಂದ ಬಂದದ. ಕಟುಕರ ಕರುಣಾ, ಹುಡುಗಿ ಮೋಹ, ಭಾವನ ಪ್ರೀತಿ. ಅವ ಅಲ್ಲಿ ಮಲ್ಕೊಂಡಿದ್ದ ಅಷ್ಟೇ, ಕೆಲಸ ಮಾಡಿದೋರು ಬ್ಯಾರೆಯವರು, ಮದನನಂಥೋರು ರಕ್ತನೂ ಕೊಟ್ರು. ನಸೀಬದ ಕಥಿ ಹಿಂಗ ಬರ್ದ್ರ ಅದು ಮೈಗಳ್ಳತನ ಅಲ್ರೀ, ಭಾಳ ಕಷ್ಟದ ಕಸಬು.

ಇನ್ನ ಬೀದರಿಗಿ ಬರ್ರಿ, ಅಲ್ಲಿದು ಕಥಿ ಅಲ್ಲ. ಮಹಮೂದ್ ಗವಾನ್, ಇರಾನಿನ ಗೀಲಾನದಿಂದ ಬಂದವ, ಬಹಮನಿ ಸುಲ್ತಾನರ ವಜೀರ, 1472ರಾಗ ಮದರಸಾ ಕಟ್ಟಿಸ್ದ, ಈಗೂ ಒಂದು ಮಿನಾರು ನಿಂತದ, ಬಣ್ಣದ ಹೆಂಚು ಅಲ್ಲಲ್ಲಿ ಉಳಿದಾವ. ಅವನ ಮ್ಯಾಗ ಉರಕೊಂಡ ಅಮೀರರು ಅವನ ಮೊಹರು ಇಟ್ಕೊಂಡ ಗುಲಾಮನಿಗಿ ಕುಡಿಸಿ ಖಾಲಿ ಕಾಗದದ ಮ್ಯಾಗ ಮೊಹರು ಒತ್ತಿಸ್ಕೊಂಡ್ರು, ಅಮ್ಯಾಲ ಆರಾಮ್ ಕುಂತು ಮ್ಯಾಗ ಬರ್ದ್ರು, ಒರಿಸ್ಸಾದ ರಾಜನಿಗಿ ದಂಡೆತ್ತಿ ಬಾ ಅಂತ ಗವಾನನೇ ಕರದಂಗ. ಸುಲ್ತಾನ ಮೂರನೇ ಮಹಮ್ಮದ್ ಷಾ ವಿಚಾರಣಿ ಗಿಚಾರಣಿ ಏನೂ ಮಾಡಲಿಲ್ಲ, 1481ರಾಗ ತಲಿ ತಗಸ್ದ. ಅವನ ತಪ್ಪಿಲ್ಲ ಅಂತ ಗೊತ್ತಾದದ್ದು ತಡಾ ಆಗಿ, ಸುಲ್ತಾನನೂ ಮರುವರ್ಷ ಹ್ವಾದ. ಇಲ್ಲೂ ಒಂದು ಪತ್ರ, ಇಲ್ಲೂ ಬ್ಯಾರೆಯವರ ಕೈ. ಆ ಗುಲಾಮ ಅವತ್ತು ಕುಡಿಲಾರದೇ ಇದ್ದಿದ್ರ ನಾವು ಗವಾನನಿಗಿ ಭಾಳ ನಸೀಬವಾನ್ ಅಂತಿದ್ವಿ. ಮದರಸಾದ ಮುಂದ ಸೆಲ್ಫಿ ತಗೊಳ್ಳೋ ಹುಡುಗ್ರಿಗಿ ಇದನ್ನ ಯಾರೂ ಹೇಳಂಗಿಲ್ಲ ಅನ್ನೋದು ನನ್ನ ಹಳೀ ತಕರಾರು, ಇರ್ಲಿ.

ನಿಮ್ಮ ಮಗನ ಲೆಕ್ಕಕ್ಕ ಬರ್ತೀನಿ. ಸಿಇಟಿಯೊಳಗ ಒಂದು ವಿಷಯಕ್ಕ 60 ಪ್ರಶ್ನಿ, ಪ್ರತಿಯೊಂದಕ್ಕ ನಾಕು ಉತ್ತರ, ತಪ್ಪಿಗಿ ಮಾರ್ಕ್ ಕಟ್ ಇಲ್ಲ. ಕಣ್ಮುಚ್ಚಿ ಗುರ್ತು ಹಾಕಿದ್ರ ಸರಾಸರಿ 15 ಬರ್ತಾವ, ಮೂರು ವಿಷಯ ಸೇರಿ 180ಕ್ಕ 45. ನೀಟ್‌ನಾಗ ಇನ್ನೂ ಕಷ್ಟ, ಸರಿಗಿ ನಾಕು, ತಪ್ಪಿಗಿ ಒಂದು ಕಟ್, 180 ಪ್ರಶ್ನಿ ಹಿಂಗೇ ಹಾಕಿದ್ರ 720ಕ್ಕ ಸರಾಸರಿ ಅದೇ 45. ಒಮ್ಮಿ ನಾಕು ಹೆಚ್ಚು, ಒಮ್ಮಿ ನಾಕು ಕಮ್ಮಿ, ಆದ್ರ ಪ್ರಶ್ನಿ ಹೆಚ್ಚಾದಂಗ ಲೆಕ್ಕ ಸರಾಸರಿ ಕಡೀನೇ ಎಳೀತದ. ಡಾಮಿನೊಗಿ ಬರಿಯೋನು ಇದ್ದಾನ, ಸರಾಸರಿನ ಹತ್ರ ಬರ್ಲಾಕ ಬಿಡಲ್ಲ. ಓಎಂಆರ್ ಶೀಟ್ ತಿದ್ದೋ ಮಶಿನ್ನಿಗಿ ಆ ಮುಲಾಜಿಲ್ಲ.

ಕಾಮಿಕ್ಸ್ ಕಸ್ಕೋಬ್ಯಾಡ್ರಿ, ಕಸ್ಕೊಂಡ್ರ ಮೊಬೈಲ್‌ನಾಗ ಓದ್ತಾನ, ಕಣ್ಣು ಹಾಳು. ಅದರ ಬದಲಿ ಒಂದು ಹಳೀ ಸಿಇಟಿ ಪ್ರಶ್ನಿಪತ್ರಿಕಿ ತಂದು ಮುಂದಿಡ್ರಿ, ಪ್ರಶ್ನಿ ಓದಬ್ಯಾಡ, ಬರೇ ಗುರ್ತು ಹಾಕು ಅನ್ರಿ, ಕೀ ಆನ್ಸರ್ ಹಿಡ್ದು ನೀವೇ ತಿದ್ರಿ. ಬಾಯಿಲೆ ಹೇಳೋದು ಬ್ಯಾಡ, ನಂಬರ್ ಅವನೇ ನೋಡ್ಲಿ. ಮತ್ತ ಅವನಿಗಿ ನಸೀಬದ ಮ್ಯಾಗ ಅಷ್ಟು ಮೋಹ ಇದ್ರ ಪರೀಕ್ಷಾ ಮುಗದ ಮ್ಯಾಗ ನಮಗೊಂದು ಕಥಿ ಬರ್ದು ಕಳಸ್ಲಿ, ಹೀರೋ ಸೇಡಂ ಕಡಿಯವನೇ ಇರ್ಲಿ, ಬೇಕಾದಷ್ಟು ನಸೀಬ ಇರ್ಲಿ, ಪ್ರತಿ ಸಲ ಅದು ಯಾರ ಕೈಯಿಂದ ಬಂತು, ಯಾರಿಗಿ ಪೆಟ್ಟಾಯ್ತು ಅಂತ ಬರ್ದಿರಬೇಕು. ಛಲೋ ಇದ್ರ ಮಕ್ಕಳ ಪುಟದಾಗ ಹಾಕ್ತೀವಿ. ಕಾಗದದ ಒಂದೇ ಮಗ್ಗಲಿಗಿ ಬರೀಲಿ, ನಮ್ಮ ಡಿಟಿಪಿ ಹುಡುಗಿ ಬೈತಾಳ.

ನಿಮ್ಮ,
ಸಂಪಾದಕ