ಪ್ರತಿ: ರಮೋನ್ಸ್ ಮೊದಲ ಆಲ್ಬಂ ತಮಾಷೆಯೋ, ಸಿಟ್ಟೋ?

ಅಮೆರಿಕದ ಪಂಕ್ ರಾಕ್ ತಂಡ ರಮೋನ್ಸ್‌ನ 1976ರ ಮೊದಲ ಆಲ್ಬಂ ಕೇಳಿದಾಗ ನಗಬೇಕೋ ಹೆದರಬೇಕೋ ಗೊತ್ತಾಗಲಿಲ್ಲ ಎಂದಿದ್ದೀರಿ. ನನ್ನ ಪ್ರಕಾರ ಅದರಲ್ಲಿ ತಮಾಷೆಯೇ ಜಾಸ್ತಿ. ಆದರೆ ಗಾಯಕ ಜೋಯಿ ರಮೋನ್ ಎಲ್ಲವನ್ನೂ ಗಂಭೀರ ಮುಖದಲ್ಲೇ ಹಾಡುತ್ತಾರೆ. ಗೊಂದಲ ಹುಟ್ಟುವುದೇ ಅಲ್ಲಿ.

ನೆಲಮಾಳಿಗೆಗೆ ಇಳಿಯಲ್ಲ ಎನ್ನುವ ಹಾಡನ್ನೇ ನೋಡಿ. ಕೆಳಗೆ ಏನೋ ಇದೆಯಂತೆ. ಏನು ಅಂತ ಕೊನೆವರೆಗೂ ಹೇಳುವುದಿಲ್ಲ. ಮಾತು ಹೆದರಿದ ಪುಟ್ಟ ಹುಡುಗನದು, ಗಿಟಾರ್ ಮಾತ್ರ ಗುಡುಗು! ಆ ಎರಡೂ ಒಂದಕ್ಕೊಂದು ಹೊಂದದೇ ಇರುವುದರಲ್ಲೇ ನಗು ಇದೆ. ನನಗೆ ಇದು ತುಂಬಾ ಇಷ್ಟ.

ತಂಡದ ಹೆಸರೂ ಒಂದು ಆಟವೇ. ತಂಡದ ನಾಲ್ವರೂ ಅಣ್ಣತಮ್ಮಂದಿರಲ್ಲ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಹಿಂದೊಮ್ಮೆ ಇಟ್ಟುಕೊಂಡಿದ್ದ 'ರಮೋನ್' ಎಂಬ ಹೆಸರನ್ನು ಎಲ್ಲರೂ ತಮ್ಮದಾಗಿಸಿಕೊಂಡರು.

14 ಹಾಡುಗಳು ಅರ್ಧ ಗಂಟೆಯೊಳಗೆ ಮುಗಿಯುತ್ತವೆ. ನಗೆಹನಿಯನ್ನು ಯಾರೂ ವಿವರಿಸುತ್ತಾ ಕೂರಲ್ಲ, ಅಲ್ವಾ? ಇನ್ನೊಮ್ಮೆ ಹೆಡ್‌ಫೋನ್ ಹಾಕಿ ಕೇಳಿ. ಎಡಗಿವಿಯಲ್ಲಿ ಬಾಸ್ (ತಗ್ಗು ಸ್ವರದ ಗಿಟಾರ್), ಬಲಗಿವಿಯಲ್ಲಿ ಗಿಟಾರ್ ಬರುತ್ತದೆ. ನಡುವೆ ಜೋಯಿ ಧ್ವನಿ ಸ್ಪಷ್ಟವಾಗಿ ಕೇಳುತ್ತದೆ. ಪದಗಳನ್ನು ಅವರು ಎಳೆಯುವ ರೀತಿಗೆ ಕಿವಿಗೊಡಿ, ಆಗ ನಿಮಗೂ ನಗು ಬರುತ್ತದೆ.