ರುಬಿಡಿಯಂ ಗಡಿಯಾರ ಲಾಕ್ ಆಗುತ್ತಿಲ್ಲ: ಬಲ್ಬ್ ಬದಲಿಸಬೇಕೇ?

ಪ್ರಶ್ನೆ: ನಮ್ಮ ಲ್ಯಾಬಿನ ಹಳೆಯ ಎಲ್‌ಪಿಆರ್‌ಒ-101 ರುಬಿಡಿಯಂ ಗಡಿಯಾರ ಅರ್ಧ ಗಂಟೆಯಾದರೂ ಲಾಕ್ ಆಗುವುದಿಲ್ಲ, ಅಂದರೆ ಅದರ ಫ್ರೀಕ್ವೆನ್ಸಿ ರುಬಿಡಿಯಂ ಪರಮಾಣುವಿನ ಫ್ರೀಕ್ವೆನ್ಸಿಗೆ ಹೊಂದಿಕೊಂಡು ನಿಲ್ಲುವುದಿಲ್ಲ. ಲ್ಯಾಂಪ್ ವೋಲ್ಟೇಜ್ ಪಿನ್ನಿನಲ್ಲಿ 2.1 ವೋಲ್ಟ್ ಇದೆ. ಹೊಸ ಬಲ್ಬ್ ಎಲ್ಲೂ ಸಿಗುತ್ತಿಲ್ಲ.
– ಓದುಗರು, ದಾವಣಗೆರೆ

ಉತ್ತರ: ಬಲ್ಬ್ ಎಸೆಯಬೇಡಿ. 3 ವೋಲ್ಟಿಗಿಂತ ಇಳಿದಿದೆ ಎಂದರೆ ಬಲ್ಬಿನ ಬೆಳಕನ್ನು ಅಳೆಯುವ ಫೋಟೋಸೆಲ್ಲಿಗೆ ಬೆಳಕು ಸಾಲುತ್ತಿಲ್ಲ ಎಂದಷ್ಟೇ. ಬಹಳ ಸಲ ಒಳಗಿನ ರುಬಿಡಿಯಂ ಖಾಲಿಯಾಗಿರುವುದಿಲ್ಲ, ಬೆಳಕು ಹೊರಬರುವ ಗಾಜಿನ ಮುಖದ ಮೇಲೆ ಪೊರೆಯಾಗಿ ಕೂತಿರುತ್ತದೆ.

ಮೊದಲು ಸಪ್ಲೈ ನೋಡಿ. ತಣ್ಣಗಿರುವಾಗ ಘಟಕ ಸುಮಾರು 1.7 ಆಂಪಿಯರ್ ಎಳೆಯುತ್ತದೆ. ಆಗಲೂ ಕನೆಕ್ಟರಿನಲ್ಲೇ 24 ವೋಲ್ಟ್ ನಿಲ್ಲಬೇಕು. ಅದು ಸರಿಯಿದ್ದರೆ ಪವರ್ ತೆಗೆದು, ಪೂರ್ತಿ ಆರಿದ ಮೇಲೆ ಬಲ್ಬ್ ಹೊರತೆಗೆಯಿರಿ. ಬರಿಗೈಯಲ್ಲಿ ಮುಟ್ಟಿದರೆ ಬೆರಳಿನ ಜಿಡ್ಡು ಶಾಖಕ್ಕೆ ಗಾಜಿಗೇ ಸುಟ್ಟು ಅಂಟುತ್ತದೆ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿಕೊಳ್ಳಿ. ಈಗ ಬೆಳಕಿಗೆ ಹಿಡಿದು ನೋಡಿ. ಕನ್ನಡಿಯಂತೆ ಬೆಳ್ಳಗೆ ಹೊಳೆಯುವ ಪೊರೆಯಾದರೆ ತೆಗೆಯಬಹುದು. ಕಂದು ಕಲೆ ಲೋಹ ಗಾಜಿನೊಳಕ್ಕೇ ಇಳಿದ ಗುರುತು, ಅದು ಹೋಗುವುದಿಲ್ಲ.

ಗಾಜನ್ನು ಮುಚ್ಚಿದ ಮೊನೆ ಕೆಳಗಿರುವಂತೆ ಚಿಮುಟದಲ್ಲಿ ಹಿಡಿದು, 250 ಡಿಗ್ರಿ ಬಿಸಿಗಾಳಿಯನ್ನು ದೂರದಿಂದ ನಿಧಾನವಾಗಿ ಹತ್ತಿರ ತನ್ನಿ. ಗಾಳಿ ಮುಖಕ್ಕೆ ಮಾತ್ರ ತಾಗಲಿ, ಮೊನೆ ತಂಪಾಗಿರಲಿ. ರುಬಿಡಿಯಂ ಆವಿಯಾಗಿ ತಂಪಿರುವ ಜಾಗದಲ್ಲಿ ಸೇರುತ್ತದೆ. ಕೆಲವು ನಿಮಿಷಗಳಲ್ಲಿ ಮುಖ ತಿಳಿಯಾಗಿ, ಮೊನೆಯ ಒಳಗೆ ಬೆಳ್ಳಿಯ ಹನಿ ಕಾಣಬೇಕು. ಬಿಸಿ ಬಲ್ಬನ್ನು ಕಲ್ಲಿನ ಮೇಲಿಟ್ಟರೆ ಸೀಳುತ್ತದೆ, ಹಿಡಿದಲ್ಲೇ ಆರಲು ಬಿಡಿ. ಕನ್ನಡಕ ಕಡ್ಡಾಯ: ಒಡೆದರೆ ರುಬಿಡಿಯಂ ಗಾಳಿಗೇ ಹೊತ್ತಿಕೊಳ್ಳುತ್ತದೆ. ನೀರು ಹಾಕಲೇಬಾರದು, ಒಣ ಮರಳು ಹತ್ತಿರವಿರಲಿ.

ನಿಮ್ಮೂರಿಗೇ ಒಂದು ಮಾತು. ರುಬಿಡಿಯಂ ಕರಗುವುದು 39.3 ಡಿಗ್ರಿಗೆ. ಏಪ್ರಿಲ್ ಮಧ್ಯಾಹ್ನ ಶೀಟು ಹೊದಿಸಿದ ಕೋಣೆಯಲ್ಲಿ ಮೇಜಿನ ಮೇಲೆ ಅಡ್ಡ ಮಲಗಿಸಿದರೆ ಹನಿ ಕರಗಿ ಮತ್ತೆ ಮುಖದತ್ತ ಹರಿದೀತು. ಬೆಳಿಗ್ಗೆಯೇ ಮಾಡಿ ಮುಗಿಸಿ.

ಮೊದಲಿದ್ದಷ್ಟೇ ಆಳಕ್ಕೆ, ಹೊಸ ಥರ್ಮಲ್ ಪೇಸ್ಟ್ ಹಚ್ಚಿ ಕೂರಿಸಿ. ಬೆಳಕು ಬದಲಾದರೆ ಫ್ರೀಕ್ವೆನ್ಸಿಯೂ ತುಸು ಸರಿಯುತ್ತದೆ. ಒಂದು ದಿನ ಓಡಿಸಿ, ಆಸಿಲೋಸ್ಕೋಪಿನಲ್ಲಿ ಜಿಪಿಎಸ್‌ನ ಸೆಕೆಂಡ್ ಪಲ್ಸ್ ಜೊತೆ ಹೋಲಿಸಿ. 100 ಸೆಕೆಂಡಿಗೆ 100 ನ್ಯಾನೊಸೆಕೆಂಡ್ ಸರಿದರೆ 10 ಮೆಗಾಹರ್ಟ್ಸ್‌ನಲ್ಲಿ 0.01 ಹರ್ಟ್ಸ್ ವ್ಯತ್ಯಾಸ. ಸಿ-ಫೀಲ್ಡ್ (ಫ್ರೀಕ್ವೆನ್ಸಿಯನ್ನು ತುಸು ಹೊಂದಿಸುವ ಒಳಗಿನ ಸಣ್ಣ ಕಾಂತಕ್ಷೇತ್ರ) ಸ್ಕ್ರೂ ತಿರುಗಿಸಿ ಸರಿಮಾಡಿ.

ಪ್ರಶ್ನೆ: ಹೀಗೆ ಸರಿಮಾಡಿದ್ದು ಬೇಗ ಮಂಕಾಗದಂತೆ ಏನು ಮಾಡಬೇಕು? ಒಳಗಿರುವುದು ವಿಕಿರಣ ವಸ್ತುವೇ?
– ಓದುಗರು, ಚಿತ್ರದುರ್ಗ

ಉತ್ತರ: ಭಯ ಬೇಡ. ರುಬಿಡಿಯಂ-87ರ ಅರ್ಧಾಯುಷ್ಯ ಸುಮಾರು 4,900 ಕೋಟಿ ವರ್ಷ; ಬಲ್ಬಿನಲ್ಲಿರುವ ಚೂರಿನಿಂದ ಅಪಾಯವಿಲ್ಲ. ಆಯುಷ್ಯ ತಿನ್ನುವುದು ಶಾಖ. ತಳದ ಪ್ಲೇಟನ್ನು ದಪ್ಪ ಅಲ್ಯೂಮಿನಿಯಂ ಹೀಟ್‌ಸಿಂಕಿಗೆ ಪೇಸ್ಟ್ ಹಚ್ಚಿ ಬಿಗಿದು, 50 ಡಿಗ್ರಿಯೊಳಗೆ ಇಡಿ. ಫ್ಯಾನ್ ಹಾಕಿದರೆ ವೇಗ ಒಂದೇ ಸಮ ಇರಲಿ, ಆನ್-ಆಫ್ ಆಗುವ ಫ್ಯಾನಿನಿಂದ ಫ್ರೀಕ್ವೆನ್ಸಿ ಅಲ್ಲಾಡುತ್ತದೆ. ಲ್ಯಾಂಪ್ ವೋಲ್ಟೇಜನ್ನು ತಿಂಗಳಿಗೊಮ್ಮೆ ಬರೆದಿಡಿ. 4ರ ಕೆಳಗೆ ಬಂದಾಗಲೇ ಬಿಚ್ಚಿ ನೋಡಿ.