ಆ 28 ವರ್ಷ ಎಲ್ಲಿ ಹೋಯಿತು?

ನಮಸ್ಕಾರ. ಹಲವು ಪ್ರೊಟೆಸ್ಟಂಟ್ ಸಭೆಗಳು (ಚರ್ಚುಗಳು) ಸೇರಿ ಆದ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ನಡೆದ ಆರಾಧನೆಯನ್ನು ಚೆನ್ನಾಗಿ ಬರೆದಿದ್ದೀರಿ. ಆದರೆ ಎರಡನೇ ಪುಟದ ಒಂದು ಸಾಲು ಎರಡು ದಿನ ನನ್ನನ್ನು ಬಿಡಲಿಲ್ಲ.

"1919ರಲ್ಲಿ ತರಂಗಂಬಾಡಿಯಲ್ಲಿ ಮಾತುಕತೆ ಶುರುವಾಗಿ, ಎಲ್ಲರೂ ಭಿನ್ನಾಭಿಪ್ರಾಯ ಮರೆತು, 1947ರಲ್ಲಿ ಪ್ರೀತಿಯಿಂದ ಒಂದಾದರು."

28 ವರ್ಷ, ಒಂದೇ ಸಾಲು! "ಎಲ್ಲರೂ" ಅಂದರೆ ಯಾರು? ಒಂದು ಕಡೆ ಆಂಗ್ಲಿಕನ್ನರು, ಬಿಷಪ್‌ಗಳಿರುವ ಇಂಗ್ಲೆಂಡ್ ಸಭೆಯ ಪರಂಪರೆಯವರು. ಇನ್ನೊಂದು ಕಡೆ ದಕ್ಷಿಣ ಭಾರತ ಐಕ್ಯ ಸಭೆ. ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳು ಸೇರಿ 1908ರಲ್ಲೇ ಕಟ್ಟಿಕೊಂಡದ್ದು, ರಿಫಾರ್ಮ್ಡ್ ಪರಂಪರೆಯದು; ಇವರಲ್ಲಿ ಬಿಷಪ್ ಇರಲಿಲ್ಲ. ಆಮೇಲೆ ಮೆಥಡಿಸ್ಟರೂ ಬಂದರು.

"ಮರೆತು" ಅಂತೀರಿ. ಯಾರೂ ಏನನ್ನೂ ಮರೆಯಲಿಲ್ಲ. ಬಿಷಪ್ ತಲೆಯ ಮೇಲೆ ಕೈಯಿಟ್ಟು ಸಭಾಪಾಲಕ ದೀಕ್ಷೆ ಕೊಟ್ಟಿರದವರು ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿನಲ್ಲಿ ರೊಟ್ಟಿ ಮುರಿದು ಹಂಚುವ ಆರಾಧನೆ, ನಡೆಸಬಹುದಾ? ಜಗಳ ಇದ್ದದ್ದು ಅಲ್ಲಿ. ನಡೆಸಬಹುದು ಅಂದರೆ ಎಷ್ಟೋ ಆಂಗ್ಲಿಕನ್ನರ ಮನಸ್ಸು ಒಪ್ಪದು. ನಡೆಸಬಾರದು ಅಂದರೆ, ಇಪ್ಪತ್ತು ಮೂವತ್ತು ವರ್ಷ ಸೇವೆ ಮಾಡಿದ ಸಭಾಪಾಲಕರಿಗೆ "ನೀವು ಇಷ್ಟು ದಿನ ಮುರಿದ ರೊಟ್ಟಿ ಲೆಕ್ಕಕ್ಕಿಲ್ಲ" ಅಂದ ಹಾಗೆ. ಆ ನೋವು ನಿಮ್ಮ ಸಾಲಿನಲ್ಲಿ ಎಲ್ಲಿದೆ?

ಕೊನೆಗೆ ಸಿಕ್ಕ ದಾರಿಯೂ ನಿಮ್ಮಲ್ಲಿಲ್ಲ. ಮುಂದೆ ದೀಕ್ಷೆಯೆಲ್ಲ ಬಿಷಪ್ ಕೈಯಿಂದ. ಆಗಲೇ ಇದ್ದ ಸಭಾಪಾಲಕರಿಗೆ ಮತ್ತೆ ದೀಕ್ಷೆ ಇಲ್ಲ. ಮನಸ್ಸಾಕ್ಷಿ ಒಪ್ಪದ ಸಭೆಯ ಮೇಲೆ ಯಾರನ್ನೂ ಹೇರುವುದಿಲ್ಲ ಅಂತ ಮಾತು ಕೊಟ್ಟರು. ಬೆರೆಯಲು 30 ವರ್ಷ ಇಟ್ಟುಕೊಂಡರು. ಎಷ್ಟು ತಾಳ್ಮೆಯ ಕೆಲಸ, ಅಲ್ವಾ?

ಇನ್ನು "ಪ್ರೀತಿಯಿಂದ". ನಂದ್ಯಾಲದ ಕಡೆಯ ಆಂಗ್ಲಿಕನ್ನರಲ್ಲಿ ಅನೇಕರು ಹೊರಗೇ ಉಳಿದರು. ಮರುವರ್ಷ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಸೇರಿದ ಲೋಕದ ಆಂಗ್ಲಿಕನ್ ಬಿಷಪ್‌ಗಳೂ ಹೊಸ ಸಭೆಯನ್ನು ಪೂರ್ತಿ ಒಪ್ಪಿಕೊಳ್ಳಲಿಲ್ಲ. ಮೊದಲಿನಿಂದ ಇದಕ್ಕಾಗಿ ದುಡಿದ ದೋರ್ನಕಲ್‌ನ ಬಿಷಪ್ ಅಜರಯ್ಯ 1945ರ ಜನವರಿ 1ರಂದೇ ತೀರಿಕೊಂಡಿದ್ದರು. ಆ ದಿನವನ್ನು ಅವರು ನೋಡಲೇ ಇಲ್ಲ.

ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಇಂಥ ವರದಿ ಬರೆದಿದ್ದೆ, ಎರಡು ಸಭೆಗಳ ಕೂಡು ಆರಾಧನೆಯ ಬಗ್ಗೆ. "ಐಕ್ಯತೆ" ಅನ್ನುವ ಪದ ಒಂಬತ್ತು ಸಲ ಬಂದಿತ್ತು. ನಮ್ಮ ಹಿರಿಯ ಸಂಪಾದಕರು ಒಂಬತ್ತಕ್ಕೂ ಕೆಂಪು ಸುತ್ತು ಹಾಕಿದರು. "ರೊಟ್ಟಿ ತಗೊಳ್ಳುವಾಗ ಯಾರು ಕೂತಿದ್ದರು, ಯಾರು ಮೊಣಕಾಲೂರಿದ್ದರು? ನೋಡಿಕೊಂಡು ಬಾ" ಅಂದರು. ಕೂರುವುದು ಒಂದು ಸಭೆಯ ರೂಢಿ, ಮೊಣಕಾಲೂರುವುದು ಇನ್ನೊಂದರದು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಮುಂದಿನ ಸಲ ಹೋದಾಗ ಒಬ್ಬ ಅಜ್ಜಿ ಬೆಂಚಿನಲ್ಲೇ ಕೂತಿದ್ದರು. "ನಮ್ಮಪ್ಪ ಕೂತೇ ತಗೊಂಡವರು ಮಗಾ, ನನಗೂ ಅದೇ ಸರಿ" ಅಂದರು. ಅವರ ಸೊಸೆ ಎದ್ದು ಹೋಗಿ ಮುಂದೆ ಮೊಣಕಾಲೂರಿದರು. ಆರಾಧನೆ ಮುಗಿದ ಮೇಲೆ ಇಬ್ಬರೂ ಒಂದೇ ಆಟೋ ಹತ್ತಿ ಮನೆಗೆ ಹೋದರು. ನನ್ನ ವರದಿ ಆ ಬೆಂಚಿನಿಂದ ಶುರುವಾಯಿತು.

ಲೇಖನ ವಾಪಸ್ ಕಳಿಸುತ್ತಿದ್ದೇನೆ. ಮೊದಲ ಪುಟ ಹಾಗೇ ಇರಲಿ. ಎರಡನೇ ಪುಟದಲ್ಲಿ ಒಬ್ಬ ಸಭಾಪಾಲಕರನ್ನು ಕೂರಿಸಿ, "ಮತ್ತೆ ದೀಕ್ಷೆ" ಅನ್ನುವ ಮಾತು ಅವರ ಕಿವಿಗೆ ಬಿದ್ದ ದಿನದಿಂದ ಬರೆಯಿರಿ. ಡಿಸೆಂಬರ್ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.